ಛಾಯಾಚಿತ್ರಕ್ಕೆ ಬೆಲೆ ಕಟ್ಟುವ ಬಗೆ

ಅಂಗೈಯಗಲದ ಒಂದು ಛಾಯಾಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರಲ್ಲಿರುವ ಪದಾರ್ಥ ಅತ್ಯಲ್ಪ. ಒಂದು ತುಂಡು ಕಾಗದ, ಅದರ ಮೇಲೆ ತೆಳುವಾದ ಬಣ್ಣದ ಪದರ, ಇಷ್ಟೆ. ಇವೆರಡರ ಬೆಲೆಯನ್ನು ಕೂಡಿದರೆ ಕೆಲವೇ ರೂಪಾಯಿಗಳಾದಾವು. ಆದರೂ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವವರು ಒಂದು ಮದುವೆಯ ಚಿತ್ರಗಳಿಗೆ ಸಾವಿರಗಟ್ಟಲೆ ಹಣ ಕೇಳುತ್ತಾರೆ. ಕೊಡುವವರಿಗೆ ಇದು ಹೆಚ್ಚೆನಿಸುತ್ತದೆ. ಕೇಳಿದವರಿಗೂ ಒಳಗೊಳಗೆ ಅಳುಕು ಉಂಟು. ತಾನು ಕೇಳಿದುದು ನ್ಯಾಯವೆ, ಅನ್ಯಾಯವೆ ಎಂಬುದು ಅವರಿಗೂ ಸ್ಪಷ್ಟವಿರುವುದಿಲ್ಲ. ಏಕೆಂದರೆ ದರ ನಿಶ್ಚಯವಾಗುವುದು ಅನೇಕ ವೇಳೆ ಲೆಕ್ಕದಿಂದಲ್ಲ, ಪಕ್ಕದ ಅಂಗಡಿಯವರು ಎಷ್ಟು ಕೇಳುತ್ತಾರೆಂದು ತಿಳಿದು, ಅದಕ್ಕಿಂತ ಐದುನೂರು ರೂಪಾಯಿ ಇಳಿಸುವುದರಿಂದ.

ನಮ್ಮ ಓದುಗರಾದ ವಿದ್ಯಾರ್ಥಿಗಳಲ್ಲಿ ಕ್ಯಾಮರಾ ಹಿಡಿಯುವ ಹವ್ಯಾಸವುಳ್ಳವರು ಕಡಮೆಯಿಲ್ಲ. ಹವ್ಯಾಸವೇ ಮುಂದೆ ಜೀವನೋಪಾಯವಾಗುವುದೂ ಉಂಟು. ಹೀಗಿರುವಲ್ಲಿ ಚಿತ್ರವನ್ನು ತೆಗೆಯುವ ವಿದ್ಯೆಯಷ್ಟೇ ಅದಕ್ಕೆ ಬೆಲೆ ಕಟ್ಟುವ ವಿದ್ಯೆಯೂ ಮುಖ್ಯವಾದುದು. ಈ ವಿದ್ಯೆಗೆ ಪ್ರೌಢಶಾಲೆಯ ಗಣಿತವೇ ಸಾಕು. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ವೆಚ್ಚವು ಫಲಕದಿಂದ ಯಂತ್ರಕ್ಕೆ ಸರಿದ ಕಥೆ

ಮೊದಲು ಸ್ವಲ್ಪ ಚರಿತ್ರೆಯನ್ನು ಗಮನಿಸುವುದು ಅವಶ್ಯಕ. ೧೮೩೯ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತನ ವಿಧಾನವನ್ನು ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಅಯೊಡಿನ್ ಆವಿಗೆ ಒಡ್ಡಿ, ಬೆಳಕು ಬೀಳಿಸಿ, ಅನಂತರ ಪಾದರಸದ ಆವಿಯಿಂದ ಬಿಂಬವನ್ನು ಮೂಡಿಸುವ ಕ್ರಮವಿದು. ಒಂದು ತಗಡಿಗೆ ಒಂದೇ ಚಿತ್ರ, ಅದಕ್ಕೆ ಪ್ರತಿಯೆಂಬುದಿಲ್ಲ. ಆದುದರಿಂದ ತಗಡಿನ ಬೆಲೆ, ರಾಸಾಯನಿಕಗಳ ಬೆಲೆ ಮತ್ತು ಕುಶಲಿಯ ಕೂಲಿ ಇವೆಲ್ಲವೂ ಆ ಒಂದೇ ಚಿತ್ರದ ಮೇಲೆ ಬೀಳುತ್ತಿದ್ದುವು. ಸಾಮಾನ್ಯ ಜನರಿಗೆ ಅದು ನಿಲುಕುವಂತಿರಲಿಲ್ಲ.

೧೮೫೪ರಲ್ಲಿ ಫ್ರಾನ್ಸಿನ ಡಿಸ್ದೇರಿ ಎಂಬಾತನು ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಎಂಟು ಚಿತ್ರಗಳು ಒಂದು ಫಲಕದ ವೆಚ್ಚವನ್ನು ಹಂಚಿಕೊಂಡುವು, ಬೆಲೆ ಕುಸಿಯಿತು, ಭೇಟಿಚೀಟಿಯಷ್ಟು ಗಾತ್ರದ ಭಾವಚಿತ್ರ ಮನೆಮನೆಯ ವಸ್ತುವಾಯಿತು. ೧೮೮೮ರಲ್ಲಿ ಅಮೆರಿಕದ ಈಸ್ಟ್‌ಮನ್ ತನ್ನ ಕೊಡಕ್ ಕ್ಯಾಮರಾವನ್ನು ೨೫ ಡಾಲರಿಗೆ ಮಾರಾಟಕ್ಕೆ ತಂದನು. ಅದರಲ್ಲಿ ನೂರು ಚಿತ್ರಗಳಿಗೆ ಸಾಲುವಷ್ಟು ಫಿಲ್ಮ್ ತುಂಬಿರುತ್ತಿತ್ತು. ಅವು ಮುಗಿದಮೇಲೆ ಕ್ಯಾಮರಾವನ್ನೇ ಕಾರ್ಖಾನೆಗೆ ಕಳುಹಿಸಿದರೆ ೧೦ ಡಾಲರಿಗೆ ಚಿತ್ರಗಳನ್ನು ಮುದ್ರಿಸಿ, ಹೊಸ ಫಿಲ್ಮ್ ತುಂಬಿಸಿ ಹಿಂದಿರುಗಿಸುತ್ತಿದ್ದರು. ಎಂದರೆ ಚಿತ್ರವೊಂದಕ್ಕೆ ೧೦ ಸೆಂಟುಗಳ ಖರ್ಚು.

ನಾವು ಹೇಳಹೊರಟಿರುವ ಊರುಗಳು ೧೯೪೮ರವರೆಗೆ ಹೈದರಾಬಾದು ನಿಜಾಮರ ಸಂಸ್ಥಾನದೊಳಗಿದ್ದುವು. ೧೯೫೬ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಸ್ಥಾನದಲ್ಲಿಯೇ ಆರನೆಯ ನಿಜಾಮನ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರು ಸಿಕಂದರಾಬಾದಿನಲ್ಲಿ ೧೮೮೬ರಲ್ಲಿ ತಮ್ಮ ಸ್ಟುಡಿಯೋ ತೆರೆದರು. ಪರದೆಯಲ್ಲಿರುವ ಸ್ತ್ರೀಯರಿಗಾಗಿ ೧೮೯೨ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ಒಂದನ್ನು ಸ್ಥಾಪಿಸಿ, ಅದರ ಕೆಲಸವನ್ನು ಒಬ್ಬ ಮಹಿಳೆಗೇ ವಹಿಸಿದರು. ಆ ಕಾಲದಲ್ಲಿ ಒಂದು ಗಾಜಿನ ಫಲಕ ಹಾಳಾದರೆ ಕೈಯಿಂದ ಹಣ ಹೋಯಿತೆಂದೇ ಲೆಕ್ಕ.

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಬೆಳಕನ್ನು ವಿದ್ಯುದಂಶವಾಗಿ ಶೇಖರಿಸಿ ಸಾಗಿಸುವ ಸಾಧನವನ್ನು ಕಲ್ಪಿಸಿದರು. ೧೯೭೫ರಲ್ಲಿ ಕೊಡಕ್ ಸಂಸ್ಥೆಯ ಸ್ಯಾಸನ್ ಅಂತಹ ಸಾಧನವನ್ನು ಬಳಸಿ ಫಿಲ್ಮ್ ಇಲ್ಲದ ಕ್ಯಾಮರಾವನ್ನು ರಚಿಸಿದರು. ಇಂದಿನ ಡಿಜಿಟಲ್ ಕ್ಯಾಮರಾಗಳು ಅದರ ಸಂತಾನ. ಇವುಗಳಲ್ಲಿ ಬೆರಳೊತ್ತಿದರೆ ಫಿಲ್ಮ್ ಖರ್ಚಾಗುವುದಿಲ್ಲ, ರಾಸಾಯನಿಕ ಬೇಕಿಲ್ಲ. ಇದನ್ನು ಕಂಡು ಚಿತ್ರ ತೆಗೆಯುವುದಕ್ಕೆ ಈಗ ಖರ್ಚೇ ಇಲ್ಲವೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆ ತಪ್ಪು. ವೆಚ್ಚವು ಇಲ್ಲವಾಗಿಲ್ಲ, ಫಲಕವನ್ನು ಬಿಟ್ಟು ಯಂತ್ರದೊಳಕ್ಕೂ ಕೆಲಸಗಾರನ ವೇಳೆಯೊಳಕ್ಕೂ ಸರಿದುಕೊಂಡಿದೆ. ಕಣ್ಣಿಗೆ ಕಾಣದ ಕಾರಣ ಲೆಕ್ಕಕ್ಕೂ ಸಿಕ್ಕುತ್ತಿಲ್ಲ.

ಸವಕಳಿ ಎಂದರೇನು?

ಎತ್ತಿನ ಗಾಡಿಯ ಚಕ್ರ ತಿರುಗಿದಷ್ಟೂ ಪಟ್ಟಿ ಸವೆಯುತ್ತದೆ. ಕ್ಯಾಮರಾದ ಗತಿಯೂ ಇದೇ. ಯಾಂತ್ರಿಕ ಶಟರ್ ಇರುವ ಅನೇಕ ಕ್ಯಾಮರಾಗಳಿಗೆ ತಯಾರಕರು ಲಕ್ಷ, ಎರಡು ಲಕ್ಷ ಸಲ ತೆರೆದು ಮುಚ್ಚುವಷ್ಟು ಬಾಳಿಕೆಯನ್ನು ಸೂಚಿಸುತ್ತಾರೆ. ಹೀಗೆ ಬಳಕೆಯಿಂದಲೂ ಕಾಲದಿಂದಲೂ ವಸ್ತುವಿನ ಬೆಲೆ ಕರಗುವುದಕ್ಕೆ ಸವಕಳಿ ಎಂದು ಹೆಸರು. ಇದನ್ನು ಎಣಿಸುವ ಸುಲಭ ಸೂತ್ರವಿದು: ಕೊಂಡ ಬೆಲೆಯಿಂದ, ಕಡೆಯಲ್ಲಿ ಮಾರಿದರೆ ಬರಬಹುದಾದ ಹಣವನ್ನು ಕಳೆದು, ಉಳಿದುದನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಬೇಕು.

ಒಂದು ಕ್ಯಾಮರಾ ಮತ್ತು ಅದರ ಲೆನ್ಸಿಗೆ ೧,೫೦,೦೦೦ ರೂಪಾಯಿ ಕೊಟ್ಟಿದ್ದೇವೆಂದೂ, ಐದು ವರ್ಷ ದುಡಿಸಿ ೩೦,೦೦೦ಕ್ಕೆ ಮಾರುವೆವೆಂದೂ ಎಣಿಸೋಣ. ಕರಗಿದ ಮೊತ್ತ ೧,೨೦,೦೦೦, ವರ್ಷಕ್ಕೆ ೨೪,೦೦೦. ವರ್ಷಕ್ಕೆ ೬೦ ಸಮಾರಂಭಗಳು, ಒಂದೊಂದರಲ್ಲಿ ೬೦೦ ಸಲ ಬೆರಳೊತ್ತಿದರೆ ಐದು ವರ್ಷಗಳಲ್ಲಿ ೧,೮೦,೦೦೦ ಸಲವಾಯಿತು. ೧,೨೦,೦೦೦ವನ್ನು ೧,೮೦,೦೦೦ದಿಂದ ಭಾಗಿಸಿದರೆ ಸುಮಾರು ೬೭ ಪೈಸೆ. ಖರ್ಚೇ ಇಲ್ಲವೆಂದುಕೊಂಡಿದ್ದ ಪ್ರತಿಯೊಂದು ಒತ್ತಿಗೂ ಕ್ಯಾಮರಾ ನಮ್ಮಿಂದ ೬೭ ಪೈಸೆಯನ್ನು ಸದ್ದಿಲ್ಲದೆ ಕಿತ್ತುಕೊಳ್ಳುತ್ತಿದೆಯೆಂದಾಯಿತು.

ಒಂದು ಸ್ಟುಡಿಯೋದ ಲೆಕ್ಕ

ಈಗ ಹುಮನಾಬಾದಿನಲ್ಲಿ ಒಬ್ಬರೇ ನಡೆಸುವ ಒಂದು ಚಿಕ್ಕ ಸ್ಟುಡಿಯೋವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮ ತಮ್ಮ ಊರಿನ ಅಂಕಿಗಳನ್ನು ಆ ಸ್ಥಾನದಲ್ಲಿಟ್ಟುಕೊಳ್ಳಬಹುದು.

ವೆಚ್ಚಗಳಲ್ಲಿ ಎರಡು ಬಗೆ. ಕೆಲಸ ಬಂದರೂ ಬಾರದಿದ್ದರೂ ತಪ್ಪದವು ಸ್ಥಿರ ವೆಚ್ಚಗಳು. ಕೆಲಸ ಬಂದಾಗ ಮಾತ್ರ ಬರುವವು ಚರ ವೆಚ್ಚಗಳು. ನಮ್ಮ ಸ್ಟುಡಿಯೋದ ಒಂದು ವರ್ಷದ ಸ್ಥಿರ ವೆಚ್ಚ ಹೀಗಿದೆ:

ಕ್ಯಾಮರಾ ಮತ್ತು ಲೆನ್ಸಿನ ಸವಕಳಿ — ೨೪,೦೦೦
ಕಂಪ್ಯೂಟರಿನ ಸವಕಳಿ (೬೦,೦೦೦ ಬೆಲೆ, ಐದು ವರ್ಷ) — ೧೨,೦೦೦
ಫ್ಲ್ಯಾಶ್, ಬ್ಯಾಟರಿ, ಮುಕ್ಕಾಲಿ ಮೊದಲಾದುವು (೩೦,೦೦೦ ಬೆಲೆ, ಮೂರು ವರ್ಷ) — ೧೦,೦೦೦
ಅಂಗಡಿಯ ಬಾಡಿಗೆ, ತಿಂಗಳಿಗೆ ೪,೦೦೦ದಂತೆ — ೪೮,೦೦೦
ವಿದ್ಯುತ್ತು, ಫೋನು, ತಿಂಗಳಿಗೆ ೧,೫೦೦ರಂತೆ — ೧೮,೦೦೦
ದುರಸ್ತಿ ಮತ್ತು ಸಾಫ್ಟ್‌ವೇರ್ — ೧೪,೦೦೦

ಒಟ್ಟು ೧,೨೬,೦೦೦ ರೂಪಾಯಿ. ಇದಕ್ಕೆ ಇನ್ನೊಂದು ಬಾಬನ್ನು ಸೇರಿಸಬೇಕು. ಅದೇ ಛಾಯಾಗ್ರಾಹಕರ ಸ್ವಂತ ಸಂಬಳ. ಉಳಿದದ್ದೇ ನನ್ನದು ಎಂದುಕೊಂಡು ಈ ಬಾಬನ್ನು ಬಿಟ್ಟುಬಿಡುವವರೇ ಹೆಚ್ಚು. ಆದರೆ ಇದೇ ವ್ಯಕ್ತಿ ಬೇರೆ ಕಡೆ ದುಡಿದಿದ್ದರೆ ಸಂಬಳ ಪಡೆಯುತ್ತಿರಲಿಲ್ಲವೆ? ತಿಂಗಳಿಗೆ ೨೦,೦೦೦ದಂತೆ ವರ್ಷಕ್ಕೆ ೨,೪೦,೦೦೦ ಇಟ್ಟುಕೊಂಡರೆ ಮೊತ್ತ ೩,೬೬,೦೦೦ ಆಗುತ್ತದೆ.

ಇದನ್ನು ಯಾವ ಸಂಖ್ಯೆಯಿಂದ ಭಾಗಿಸಬೇಕು? ೩೬೫ ದಿನಗಳಿಂದ ಭಾಗಿಸುವುದು ದೊಡ್ಡ ಪ್ರಮಾದ. ಮದುವೆಗಳು ವರ್ಷವಿಡೀ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಹಿಂದೂ ಮನೆಗಳಲ್ಲಿ ಸಾಮಾನ್ಯವಾಗಿ ಮದುವೆಗಳಿಲ್ಲ. ಮೊಹರಮ್ ಮತ್ತು ರಂಜಾನ್ ತಿಂಗಳುಗಳಲ್ಲಿ ಮುಸಲ್ಮಾನರ ಮನೆಗಳಲ್ಲಿಯೂ ವಿರಳ. ಒಳ್ಳೆಯ ಮುಹೂರ್ತದ ದಿನ ನಾಲ್ಕು ಮನೆಯವರು ಕರೆದರೂ ಹೋಗುವುದು ಒಂದೇ ಮನೆಗೆ. ಮೇಲಾಗಿ ಒಂದು ದಿನ ಚಿತ್ರ ತೆಗೆದರೆ ಅವುಗಳನ್ನು ಆರಿಸಿ, ತಿದ್ದಿ, ಆಲ್ಬಮ್ ಜೋಡಿಸಿ, ಮನೆಯವರಿಗೆ ತೋರಿಸಿ ಒಪ್ಪಿಸುವುದಕ್ಕೆ ಇನ್ನೆರಡು ದಿನಗಳಾದರೂ ಬೇಕು. ಆದುದರಿಂದ ೬೦ ಸಮಾರಂಭಗಳೆಂದರೆ ೧೮೦ ದಿನಗಳ ದುಡಿಮೆ. ೩,೬೬,೦೦೦ವನ್ನು ೬೦ರಿಂದ ಭಾಗಿಸಿದರೆ ಸಮಾರಂಭವೊಂದಕ್ಕೆ ೬,೧೦೦ ರೂಪಾಯಿ ಬರುತ್ತದೆ.

ಇನ್ನು ಚರ ವೆಚ್ಚ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸುಮಾರು ಮೂವತ್ತು ಕಿಲೋಮೀಟರು, ಹೋಗಿಬರುವ ಖರ್ಚು ೪೦೦, ಜೊತೆಯ ಸಹಾಯಕರಿಗೆ ೧,೦೦೦, ಆಲ್ಬಮ್ಮಿಗೆ ೨,೫೦೦, ಒಟ್ಟು ೩,೯೦೦. ಎರಡನ್ನೂ ಕೂಡಿದರೆ ೧೦,೦೦೦ ರೂಪಾಯಿ. ಇದೇ ಈ ಸ್ಟುಡಿಯೋದ ಅಸಲು. ಇದರಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಬಾಕಿ ಉಳಿಯುವ ಹಣ, ಮಳೆಯಿಂದ ಕೆಟ್ಟ ಯಂತ್ರ, ಕಾಯಿಲೆಯಿಂದ ತಪ್ಪಿದ ಕೆಲಸ ಮೊದಲಾದ ಆಪತ್ತುಗಳಿಗಾಗಿ ದರದಲ್ಲಿ ನೂರಕ್ಕೆ ಹತ್ತರಷ್ಟನ್ನು ಕಾದಿಡಬೇಕೆಂದು ಇಟ್ಟುಕೊಳ್ಳೋಣ. ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ೧೦,೦೦೦ಕ್ಕೆ ೧,೦೦೦ ಸೇರಿಸಿ ೧೧,೦೦೦ ಎಂದರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ೧೧,೦೦೦ದ ಹತ್ತನೆಯ ಒಂದು ಪಾಲು ೧,೧೦೦. ದರದ ಹತ್ತನೆಯ ಪಾಲು ಉಳಿಯಬೇಕಾದರೆ ಅಸಲು ದರದ ಹತ್ತರಲ್ಲಿ ಒಂಬತ್ತು ಪಾಲಾಗಿರಬೇಕು. ೧೦,೦೦೦ವನ್ನು ೦.೯ರಿಂದ ಭಾಗಿಸಿದರೆ ಸುಮಾರು ೧೧,೧೧೧ ಬರುತ್ತದೆ. ಇದೇ ಸರಿಯಾದ ಉತ್ತರ.

ಕಡಮೆ ದರದ ಮೋಸ

ಈಗ ಹೊಸದಾಗಿ ಕೆಲಸಕ್ಕಿಳಿದ ಒಬ್ಬ ತರುಣನು ಇದೇ ಕೆಲಸವನ್ನು ೬,೦೦೦ ರೂಪಾಯಿಗೆ ಒಪ್ಪಿಕೊಳ್ಳುತ್ತಾನೆನ್ನೋಣ. ಅವನ ಎಣಿಕೆ ಹೀಗಿರುತ್ತದೆ: ೩,೯೦೦ ಖರ್ಚಾಯಿತು, ೨,೧೦೦ ಉಳಿಯಿತು, ಒಂದು ದಿನದ ದುಡಿಮೆಗೆ ಇದು ಒಳ್ಳೆಯ ಲಾಭವೇ. ದರ ಕಡಮೆಯೆಂದು ಜನರೂ ಬರುತ್ತಾರೆ. ಅವನಿಗೂ ವರ್ಷಕ್ಕೆ ೬೦ ಕೆಲಸಗಳು ದೊರೆಯುತ್ತವೆ. ೨,೧೦೦ನ್ನು ೬೦ರಿಂದ ಗುಣಿಸಿದರೆ ೧,೨೬,೦೦೦. ಇದು ಬಾಡಿಗೆ, ವಿದ್ಯುತ್ತು, ಸವಕಳಿ ಮೊದಲಾದ ಸ್ಥಿರ ವೆಚ್ಚಕ್ಕೆ ಸರಿಸಮ. ಅಂದರೆ ಆ ತರುಣನು ೧೮೦ ದಿನಗಳ ಕಾಲ ಬಿಸಿಲಿನಲ್ಲಿ ನಿಂತು, ರಾತ್ರಿ ನಿದ್ರೆಗೆಟ್ಟು ದುಡಿದದ್ದಕ್ಕೆ ಪಡೆದ ಕೂಲಿ ಸೊನ್ನೆ.

ಇಷ್ಟಾದರೂ ಅವನಿಗೆ ಇದು ಗೊತ್ತಾಗುವುದಿಲ್ಲ. ಕಾರಣವೇನೆಂದರೆ ಬಾಡಿಗೆಯವರು ತಿಂಗಳು ತಿಂಗಳು ಬಂದು ಕೇಳುತ್ತಾರೆ. ಸವಕಳಿಯನ್ನು ಯಾರೂ ಬಂದು ಕೇಳುವುದಿಲ್ಲ. ವರ್ಷಕ್ಕೆ ೪೬,೦೦೦ ರೂಪಾಯಿಗಳ ಆ ಹಣ ಮನೆಯ ಸಾಮಾನಿಗೂ ಹಬ್ಬಕ್ಕೂ ಕರಗಿಹೋಗುತ್ತದೆ. ಐದು ವರ್ಷಗಳಾದ ಮೇಲೆ ಒಂದು ದಿನ ಶಟರ್ ನಿಂತುಹೋಗುತ್ತದೆ. ವರ್ಷಕ್ಕೆ ೨೪,೦೦೦ದಂತೆ ತೆಗೆದಿಟ್ಟಿದ್ದರೆ ೧,೨೦,೦೦೦ ಕೂಡಿರುತ್ತಿತ್ತು. ಹಳೆಯ ಯಂತ್ರ ಮಾರಿ ಬಂದ ೩೦,೦೦೦ ಸೇರಿಸಿ ಹೊಸದನ್ನು ಕೊಳ್ಳಬಹುದಾಗಿತ್ತು. ತೆಗೆದಿಡದಿದ್ದುದರಿಂದ ಈಗ ಬಡ್ಡಿಗೆ ಸಾಲ ಮಾಡಬೇಕು, ಇಲ್ಲವೆ ಅಂಗಡಿಯ ಬಾಗಿಲು ಹಾಕಬೇಕು. ಅಷ್ಟರಲ್ಲಿ ಅವನ ದರಕ್ಕೆ ಇಳಿಯಲಾರದೆ ಪಕ್ಕದವರೂ ಕಷ್ಟಪಟ್ಟಿರುತ್ತಾರೆ. ಊರಿನ ಜನರಿಗೂ ೬,೦೦೦ವೇ ನ್ಯಾಯವಾದ ದರವೆಂಬ ಅಭ್ಯಾಸವಾಗಿರುತ್ತದೆ. ಹೀಗೆ ಒಬ್ಬರ ತಪ್ಪು ಲೆಕ್ಕದಿಂದ ಒಂದು ಊರಿನ ಕಸುಬೇ ಸೊರಗಬಹುದು.

ಎಷ್ಟು ಹೆಚ್ಚಿಸಬಹುದು?

ಹಾಗಾದರೆ ದರವನ್ನು ಮನಸ್ಸಿಗೆ ಬಂದಷ್ಟು ಏರಿಸಬಹುದೆ? ಅದೂ ಸಲ್ಲದು. ದರ ಏರಿದಂತೆ ಕರೆಯುವವರ ಸಂಖ್ಯೆ ಇಳಿಯುತ್ತದೆ. ಹೈದರಾಬಾದು–ಸೊಲ್ಲಾಪುರ ಹೆದ್ದಾರಿಯ ಮೇಲೆ ಹುಮನಾಬಾದ್ ಇದೆ. ಬಸವಕಲ್ಯಾಣವೂ ಅದಕ್ಕೆ ಸಮೀಪದ ಊರೇ. ಹೆಚ್ಚು ಹಣ ತೆರುವುದಾದರೆ ದೊಡ್ಡ ನಗರದವರನ್ನೇ ಕರೆಸುವೆವು ಎನ್ನುವವರೂ ಇರುತ್ತಾರೆ. ಆದುದರಿಂದ ದರವನ್ನೂ ಕೆಲಸದ ಸಂಖ್ಯೆಯನ್ನೂ ಒಟ್ಟಿಗೆ ತೂಗಿ ನೋಡಬೇಕು. ಮೂರು ಸಂದರ್ಭಗಳನ್ನು ಎಣಿಸೋಣ.

ದರ ೯,೦೦೦, ಕೆಲಸಗಳು ೭೫ ಆದರೆ: ಚರ ವೆಚ್ಚ ಕಳೆದು ಒಂದಕ್ಕೆ ೫,೧೦೦, ಒಟ್ಟು ೩,೮೨,೫೦೦, ಸಂಬಳ ಸೇರಿದ ಸ್ಥಿರ ವೆಚ್ಚವನ್ನು ಕಳೆದರೆ ಉಳಿತಾಯ ೧೬,೫೦೦. ದುಡಿದ ದಿನಗಳು ೨೨೫.
ದರ ೧೨,೦೦೦, ಕೆಲಸಗಳು ೬೦ ಆದರೆ: ಒಂದಕ್ಕೆ ೮,೧೦೦, ಒಟ್ಟು ೪,೮೬,೦೦೦, ಉಳಿತಾಯ ೧,೨೦,೦೦೦. ದುಡಿದ ದಿನಗಳು ೧೮೦.
ದರ ೧೫,೦೦೦, ಕೆಲಸಗಳು ೪೦ ಆದರೆ: ಒಂದಕ್ಕೆ ೧೧,೧೦೦, ಒಟ್ಟು ೪,೪೪,೦೦೦, ಉಳಿತಾಯ ೭೮,೦೦೦. ದುಡಿದ ದಿನಗಳು ೧೨೦.

ಎಲ್ಲಕ್ಕಿಂತ ಹೆಚ್ಚು ಕೆಲಸ ಸಿಕ್ಕ ಮೊದಲನೆಯ ಸಂದರ್ಭದಲ್ಲಿ ಉಳಿತಾಯ ಎಲ್ಲಕ್ಕಿಂತ ಕಡಮೆ. ಎಲ್ಲಕ್ಕಿಂತ ಹೆಚ್ಚು ದರದ ಮೂರನೆಯದೂ ಅತ್ಯಂತ ಲಾಭಕರವಲ್ಲ. ಆದರೆ ಮೂರನೆಯದರಲ್ಲಿ ಅರುವತ್ತು ದಿನಗಳ ಬಿಡುವು ದೊರೆತಿದೆ. ಆ ಬಿಡುವಿಗೆ ಬೇರೊಂದು ಉಪಯೋಗವಿದ್ದರೆ ಅದೇ ಮೇಲಾಗಲೂಬಹುದು. ಅಂತಹ ಒಂದು ಉಪಯೋಗವನ್ನು ಈಗ ನೋಡೋಣ.

ಜಲಸಂಗ್ವಿಯ ಶಿಲಾಬಾಲಿಕೆ

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವಿದೆ. ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಸುಂದರಿಯೊಬ್ಬಳ ಶಿಲ್ಪ ಅದರ ಗೋಡೆಯ ಮೇಲಿದೆ. ಇದನ್ನು ಚಿತ್ರಿಸಬಯಸುವವರಿಗೆ ಬೆಳಕಿನ ಒಂದು ಸಣ್ಣ ಲೆಕ್ಕ ತಿಳಿದಿರಬೇಕು. ಕಲ್ಲಿನಲ್ಲಿ ಅಕ್ಷರದ ಗೆರೆ ಎರಡು ಮಿಲಿಮೀಟರ್ ಆಳವಿದೆಯೆನ್ನೋಣ. ಬಿಸಿಲು ಕಲ್ಲಿನ ಮೇಲ್ಮೈಗೆ ೬೦ ಡಿಗ್ರಿ ಕೋನದಲ್ಲಿ ಬಿದ್ದರೆ ಗೆರೆಯ ಅಂಚಿನ ನೆರಳು ಒಂದು ಮಿಲಿಮೀಟರಿಗೆ ತುಸು ಹೆಚ್ಚು, ಅಕ್ಷರ ಅಸ್ಪಷ್ಟ. ಅದೇ ಬಿಸಿಲು ೧೦ ಡಿಗ್ರಿ ಕೋನದಲ್ಲಿ ಕಲ್ಲನ್ನು ಸವರಿಕೊಂಡು ಬಂದರೆ ನೆರಳಿನ ಉದ್ದ ಹನ್ನೊಂದು ಮಿಲಿಮೀಟರಿಗೂ ಮೀರುತ್ತದೆ. ಗೆರೆಯೆಲ್ಲ ನೆರಳಿನಿಂದ ತುಂಬಿ ಅಕ್ಷರ ಎದ್ದು ಕಾಣುತ್ತದೆ. ಈ ಬೆಳಕಿಗಾಗಿ ದಿನವೆಲ್ಲ ಕಾಯಬೇಕಾಗಬಹುದು. ಮೋಡ ಕವಿದರೆ ಮರುದಿನ ಮತ್ತೆ ಬರಬೇಕು. ಈ ಕಾಯುವಿಕೆಯೂ ದುಡಿಮೆಯೇ.

ನಮ್ಮ ಸ್ಟುಡಿಯೋದಲ್ಲಿ ೩,೬೬,೦೦೦ವನ್ನು ೧೮೦ ದಿನಗಳಿಂದ ಭಾಗಿಸಿದರೆ ದುಡಿಮೆಯ ಒಂದು ದಿನಕ್ಕೆ ಸುಮಾರು ೨,೦೩೩ ರೂಪಾಯಿ. ಎರಡು ದಿನಗಳಿಗೆ ೪,೦೬೬, ಪ್ರಯಾಣಕ್ಕೆ ೫೦೦, ಒಟ್ಟು ೪,೫೬೬. ಈ ಚಿತ್ರವನ್ನು ಒಬ್ಬರೇ ಕೊಳ್ಳುವುದಾದರೆ ಅಷ್ಟೂ ಹೊರೆ ಅವರದೇ. ಹತ್ತು ಮಂದಿ ಬೇರೆ ಬೇರೆಯಾಗಿ ಬಳಸುವುದಾದರೆ ತಲಾ ಸುಮಾರು ೪೫೭ ರೂಪಾಯಿಯಲ್ಲಿ ಅಸಲು ಹಿಂದಿರುಗುತ್ತದೆ. ಡಿಸ್ದೇರಿಯ ಎಂಟು ಚಿತ್ರಗಳ ಯುಕ್ತಿಯೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿದೆ. ಅಲ್ಲಿ ಫಲಕವನ್ನು ಹಂಚಿದರು, ಇಲ್ಲಿ ಬಳಕೆಯನ್ನು ಹಂಚುತ್ತೇವೆ.

ಆದುದರಿಂದ ಇಂತಹ ಚಿತ್ರಕ್ಕೆ ದರ ಹೇಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಚಿತ್ರ ಎಲ್ಲಿ ಅಚ್ಚಾಗುತ್ತದೆ? ಪಠ್ಯಪುಸ್ತಕದಲ್ಲೋ, ವ್ಯಾಪಾರಿಯ ಜಾಹೀರಾತಿನಲ್ಲೋ? ಪ್ರತಿಗಳೆಷ್ಟು? ಎಷ್ಟು ಕಾಲ? ಬೇರೆಯವರಿಗೂ ಕೊಡಬಹುದೆ, ಕೂಡದೆ? ಇನ್ನಾರಿಗೂ ಕೊಡಕೂಡದೆನ್ನುವವರು ಮುಂದೆ ಬರಬಹುದಾದ ಒಂಬತ್ತು ಜನರ ಪಾಲನ್ನೂ ತಾವೇ ತೆರುವುದು ನ್ಯಾಯ. ನಾವು ಮಾರುವುದು ಕಾಗದವನ್ನಲ್ಲ, ಬಳಸುವ ಹಕ್ಕನ್ನು.

ಕಾನೂನಿನ ಮಾತು

ಈ ಹಕ್ಕು ಯಾರದು ಎಂಬುದನ್ನು ನಮ್ಮ ದೇಶದಲ್ಲಿ ೧೯೫೭ರ ಕೃತಿಸ್ವಾಮ್ಯ ಶಾಸನ ನಿರ್ಣಯಿಸುತ್ತದೆ. ಛಾಯಾಗ್ರಾಹಕರು ತಾವಾಗಿ ತೆಗೆದ ಚಿತ್ರದ ಕೃತಿಸ್ವಾಮ್ಯ ಅವರದೇ. ಆದರೆ ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಚಿತ್ರಕ್ಕೆ, ಬೇರೆ ಕರಾರಿಲ್ಲದಿದ್ದಲ್ಲಿ, ತೆಗೆಯಿಸಿದವರೇ ಮೊದಲ ಒಡೆಯರೆಂದು ಶಾಸನದ ೧೭ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ಮದುವೆಯ ಚಿತ್ರವನ್ನು ಅಂಗಡಿಯ ಮುಂದೆ ತೂಗುಹಾಕಬೇಕೆಂದಿದ್ದರೆ ಮನೆಯವರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಬೇಕು. ಛಾಯಾಚಿತ್ರದ ಕೃತಿಸ್ವಾಮ್ಯ ಮೊದಲು ಪ್ರಕಟಣೆಯಿಂದ ೬೦ ವರ್ಷಗಳ ಕಾಲ ಇರುತ್ತಿತ್ತು. ೨೦೧೨ರ ತಿದ್ದುಪಡಿಯ ತರುವಾಯ ಕರ್ತೃವಿನ ಜೀವಿತಕಾಲ ಮತ್ತು ಅನಂತರದ ೬೦ ವರ್ಷಗಳಿಗೆ ವಿಸ್ತರಿಸಿದೆ. ದರ, ಮುಂಗಡ, ಚಿತ್ರಗಳ ಸಂಖ್ಯೆ, ಒಪ್ಪಿಸುವ ದಿನ ಇವಿಷ್ಟನ್ನೂ ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ರುಜು ಹಾಕಿದರೆ ಮುಂದಿನ ಮನಸ್ತಾಪಗಳು ಬಹುಮಟ್ಟಿಗೆ ತಪ್ಪುತ್ತವೆ.

ನ್ಯಾಯವಾದ ಬೆಲೆ

ದುಡಿಮೆಗೆ ತಕ್ಕ ಪ್ರತಿಫಲ ಎಷ್ಟು ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕದ ವಿಚಾರವನ್ನು ಆಳವಾಗಿ ಚರ್ಚಿಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಬೇಡವೆಂದು ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆ ಪ್ರಸಿದ್ಧವಾಗಿದೆ. ಈ ಕಥೆಯಲ್ಲಿ ಹೆಚ್ಚಿನದನ್ನು ಬಿಡುವ ತ್ಯಾಗವನ್ನು ಮಾತ್ರ ಜನರು ನೆನೆಯುತ್ತಾರೆ. ಆದರೆ ಹೆಚ್ಚೆಷ್ಟು ಎಂದು ಹೇಳಬೇಕಾದರೆ ತಮಗೆ ಸಾಕಾಗುವಷ್ಟು ಎಷ್ಟು ಎಂಬುದು ಲಕ್ಕಮ್ಮನಿಗೆ ನಿಖರವಾಗಿ ಗೊತ್ತಿರಬೇಕಾಗಿತ್ತು. ಅಳತೆ ತಿಳಿಯದವರು ಹೆಚ್ಚು ತೆಗೆದುಕೊಳ್ಳುವುದರಿಂದಲೂ ಕಡಮೆ ತೆಗೆದುಕೊಳ್ಳುವುದರಿಂದಲೂ ಕೆಡುತ್ತಾರೆ.

ಬಡವರ ಮನೆಯ ಮಗುವಿಗೆ ಶಾಲೆಯ ಅರ್ಜಿಗೆ ಬೇಕಾದ ಭಾವಚಿತ್ರವನ್ನು ಹಣವಿಲ್ಲದೆ ತೆಗೆದುಕೊಡುವುದು ಒಳ್ಳೆಯ ಕೆಲಸ. ಜಾತ್ರೆಯಲ್ಲಿ ಪರಿಚಿತರಿಗೆ ದರ ಇಳಿಸುವುದೂ ಸಹಜವೇ. ಆದರೆ ಅಂತಹ ಸಂದರ್ಭಗಳಲ್ಲಿಯೂ ಲೆಕ್ಕದ ಪುಸ್ತಕದಲ್ಲಿ ಪೂರ್ತಿ ದರವನ್ನು ಬರೆದು, ಅದರ ಕೆಳಗೆ ಬಿಟ್ಟುಕೊಟ್ಟ ಮೊತ್ತವನ್ನು ಬರೆಯಬೇಕು. ತಿಳಿದು ಕೊಟ್ಟುದು ದಾನ; ತಿಳಿಯದೆ ಹೋದುದು ನಷ್ಟ.

ಓದುಗರು ಈ ವಿಷಯವನ್ನು ಕೈಯಾರೆ ಮಾಡಿ ತಿಳಿಯುವುದಕ್ಕೆ ಎರಡು ಅಭ್ಯಾಸಗಳನ್ನು ಸೂಚಿಸುತ್ತೇವೆ. ಒಂದು, ನಿಮ್ಮ ಊರಿನ ಸ್ಟುಡಿಯೋ ಒಂದಕ್ಕೆ ಹೋಗಿ, ಅವರ ಅನುಮತಿಯಿಂದ, ಯಾವ ಯಾವ ಯಂತ್ರಗಳಿವೆ, ಎಷ್ಟು ವರ್ಷ ಬಾಳುತ್ತವೆ ಎಂದು ಪಟ್ಟಿಮಾಡಿ ವಾರ್ಷಿಕ ಸವಕಳಿಯನ್ನು ಕಂಡುಹಿಡಿಯಿರಿ. ಎರಡು, ಮೇಲಿನ ಲೆಕ್ಕದಲ್ಲಿ ಸಮಾರಂಭಗಳ ಸಂಖ್ಯೆಯನ್ನು ೩೦, ೪೦, ೫೦, ೬೦, ೭೫ ಎಂದು ಬದಲಿಸಿ ಪ್ರತಿಯೊಂದಕ್ಕೂ ಅಸಲನ್ನು ಎಣಿಸಿ, ಚೌಕಳಿ ಹಾಳೆಯ ಮೇಲೆ ರೇಖೆಯನ್ನು ಎಳೆಯಿರಿ. ಆ ರೇಖೆ ನೇರವಾಗಿ ಬರುವುದಿಲ್ಲ. ಮೊದಲು ಕಡಿದಾಗಿ ಇಳಿದು, ಬಳಿಕ ನಿಧಾನವಾಗಿ ಇಳಿಯುತ್ತದೆ. ಅದೇಕೆಂದು ಯೋಚಿಸಿದರೆ, ಆಷಾಢದಲ್ಲಿ ಖಾಲಿ ಕುಳಿತ ಸ್ಟುಡಿಯೋದವರ ಚಿಂತೆ ಏನೆಂಬುದೂ ಗಣಿತದ ಮೂಲಕವೇ ನಿಮಗೆ ಅರ್ಥವಾದೀತು.